ಗಲ್ಫ್ ಜೈಲಿನಲ್ಲಿರುವ ನಮ್ಮವರ ಪರವಾಗಿ ಸರ್ಕಾರ ಹೇಗೆ ಕೇಳುತ್ತದೆ? ಗಟ್ಟಿಯಾಗಿ ಕೇಳಬೇಕಾ, ಸದ್ದಿಲ್ಲದೆ ಕೇಳಬೇಕಾ?

ಕಾಪು ಕಡಲು:
ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಒಬ್ಬ ಹುಡುಗ ಗಲ್ಫ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ. ಯಾವ ದೇಶ, ಯಾವ ಕಂಪನಿ ಅಂತ ಬರೆಯುವುದಿಲ್ಲ, ಮನೆಯವರು ಬೇಡ ಅಂದಿದ್ದಾರೆ. ಬಾಕಿ ಸಂಬಳ ಕೇಳಿದ್ದಕ್ಕೆ ಮಾಲೀಕ ಇವನ ಮೇಲೆ "ಕೆಲಸ ಬಿಟ್ಟು ಓಡಿಹೋದ" ಅಂತ ದೂರು ಕೊಟ್ಟಿದ್ದಾನೆ. ಪಾಸ್‌ಪೋರ್ಟ್ ಮಾಲೀಕನ ಹತ್ತಿರವೇ ಇದೆ. ಹುಡುಗ ಈಗ ಪೊಲೀಸರ ವಶದಲ್ಲಿದ್ದಾನೆ. ನಮ್ಮ ರಾಯಭಾರ ಕಚೇರಿಗೆ ಬರೆದೆವು. "ವಿಷಯವನ್ನು ಅಲ್ಲಿನ ಅಧಿಕಾರಿಗಳ ಗಮನಕ್ಕೆ ತರಲಾಗಿದೆ" ಅಂತ ಉತ್ತರ ಬಂತು. ಅದಾದ ಮೇಲೆ ಸುದ್ದಿ ಇಲ್ಲ.

ಗಮನಕ್ಕೆ ತಂದರು ಅಂದರೆ ನಿಜವಾಗಿ ಏನು ಮಾಡುತ್ತಾರೆ? ಊರಿನಲ್ಲಿ ಎರಡು ಗುಂಪಾಗಿದೆ. ವಿದೇಶಾಂಗ ಸಚಿವರು ಟಿವಿಯಲ್ಲಿ ಹೆಸರು ಹಿಡಿದು ಖಂಡಿಸಬೇಕು ಅನ್ನುವವರು ಒಂದು ಕಡೆ. ಹಾಗೆ ಮಾಡಿದರೆ ಹುಡುಗನಿಗೇ ತೊಂದರೆ ಅನ್ನುವವರು ಇನ್ನೊಂದು ಕಡೆ. ತಿಳಿದವರು ಹೇಳಿ.

ಹಾವೇರಿ ಏಲಕ್ಕಿ:
ಟಿವಿ ಬೇಡವೇ ಬೇಡ. ಮೊದಲು ಹುಡುಗ ಮನೆಗೆ ಬರಲಿ, ಖಂಡನೆ ಆಮೇಲೆ ನೋಡೋಣ.

ದಮ್ಮಾಮ್ ದಿನಗಳು:
ನಾನು ಸೌದಿಯಲ್ಲಿ ಬಹಳ ವರ್ಷ ಇದ್ದವನು. ರಾಯಭಾರ ಕಚೇರಿಯವರ ಜೊತೆ ತರ್ಹೀಲ್‌ಗೆ ಹೋಗುತ್ತಿದ್ದ ವಾಲಂಟಿಯರ್‌ಗಳಲ್ಲಿ ನಾನೂ ಒಬ್ಬ. ಗಡಿಪಾರು ಮಾಡುವ ಮೊದಲು ಜನರನ್ನು ಇಟ್ಟುಕೊಳ್ಳುವ ಜಾಗ ಅದು. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಕಚೇರಿಯಿಂದ ಒಬ್ಬ ಅಧಿಕಾರಿ, ಅರಬ್ಬಿ ಬರುವ ಒಬ್ಬ ಸಿಬ್ಬಂದಿ, ನಮ್ಮಂಥ ಒಬ್ಬಿಬ್ಬರು. ಕೈಯಲ್ಲಿ ಹೆಸರಿನ ಪಟ್ಟಿ. ಒಳಗೆ ಹೋದರೆ ಪಟ್ಟಿಯಲ್ಲಿ ಇಲ್ಲದವರೇ ಜಾಸ್ತಿ ಮುಂದೆ ಬರುತ್ತಾರೆ. ಒಬ್ಬೊಬ್ಬರದೇ ಹೆಸರು, ಇಖಾಮಾ (ಅಲ್ಲಿ ಇರಲು ಕೊಡುವ ಪರವಾನಗಿ) ನಂಬರ್, ಊರು, ಕಫೀಲನ ಅಂದರೆ ಕೆಲಸಕ್ಕೆ ಕರೆಸಿಕೊಂಡ ಮಾಲೀಕನ ಫೋನ್ ನಂಬರ್ ಬರೆದುಕೊಳ್ಳಬೇಕು. ಕೆಲವರಿಗೆ ಇಖಾಮಾ ನಂಬರ್ ಬಾಯಿಪಾಠ. ಕೆಲವರಿಗೆ ಪಾಸ್‌ಪೋರ್ಟಿನಲ್ಲಿ ತಮ್ಮ ಹೆಸರು ಹೇಗಿದೆ ಅನ್ನುವುದೇ ಗೊತ್ತಿರುವುದಿಲ್ಲ, ಏಜೆಂಟ್ ಏನು ಬರೆಸಿದನೋ ಅದು. ಹೆಸರು ತಾಳೆ ಆಗದಿದ್ದರೆ ಎಲ್ಲವೂ ನಿಂತುಹೋಗುತ್ತದೆ. ಪಾಸ್‌ಪೋರ್ಟ್ ಇಲ್ಲದವರಿಗೆ ಔಟ್‌ಪಾಸ್, ಅಂದರೆ ಊರಿಗೆ ಮರಳಲು ಮಾತ್ರ ಕೊಡುವ ತುರ್ತು ಕಾಗದ, ಆಗಬೇಕು. ಆಮೇಲೆ ಕಫೀಲನಿಗೆ ಫೋನ್. ನಿಮ್ಮ ಹುಡುಗನ ಮೇಲೆ ಹಾಕಿರುವಂಥ ದೂರಿಗೆ ಸೌದಿಯಲ್ಲಿ ಹುರೂಬ್ ಅನ್ನುತ್ತಾರೆ. ಕಫೀಲ ಅದನ್ನು ವಾಪಸ್ ತೆಗೆದುಕೊಂಡರೆ ದೊಡ್ಡ ಗಂಟು ಬಿಚ್ಚಿದ ಹಾಗೆ. ಇಲ್ಲ ಅಂದರೆ ಲೇಬರ್ ಕೋರ್ಟು.

ಇದರ ಜೊತೆಗೆ ರಾಯಭಾರ ಕಚೇರಿ ಅಲ್ಲಿನ ವಿದೇಶಾಂಗ ಸಚಿವಾಲಯಕ್ಕೆ ಅಧಿಕೃತ ಪತ್ರ ಕಳಿಸುತ್ತದೆ. ಗಮನಕ್ಕೆ ತಂದಿದ್ದೇವೆ ಅಂದರೆ ಸಾಮಾನ್ಯವಾಗಿ ಆ ಪತ್ರ ಹೋಗಿದೆ ಅಂತ ಲೆಕ್ಕ. ಪತ್ರ ಹೋದರೆ ಸಾಲದು. ಅದರ ಹಿಂದೆ ಬಿದ್ದು ವಾರ ವಾರ ಕೇಳುವ ಒಬ್ಬ ಅಧಿಕಾರಿ ಬೇಕು. ಅಂಥವರು ಇದ್ದ ಕಡೆ ಕೆಲಸ ಆಗಿದ್ದನ್ನು ನೋಡಿದ್ದೇನೆ. ವರ್ಗಾವಣೆ ಆಗಿ ಹೊಸಬರು ಬಂದಾಗ ಫೈಲು ಮತ್ತೆ ಮೊದಲಿನಿಂದ ಶುರುವಾಗುವುದನ್ನೂ ನೋಡಿದ್ದೇನೆ.

ಕಾಪು ಕಡಲು:
ತುಂಬಾ ಉಪಕಾರ ಆಯಿತು ಅಣ್ಣ. ಕಚೇರಿಯವರು ಹುಡುಗನನ್ನು ಭೇಟಿ ಮಾಡಿದ್ದಾರಾ ಅಂತ ಕೇಳುವ ಹಕ್ಕು ನಮಗೆ ಇದೆಯಾ?

ಕೋರ್ಟ್ ರಸ್ತೆ:
ಧಾರಾಳವಾಗಿ ಕೇಳಿ. 1963ರ ವಿಯೆನ್ನಾ ಕಾನ್ಸುಲರ್ ಒಪ್ಪಂದದ 36ನೇ ವಿಧಿ ಇರುವುದೇ ಇದಕ್ಕೆ. ವಿದೇಶಿಯೊಬ್ಬನನ್ನು ಹಿಡಿದರೆ "ನಿನ್ನ ದೇಶದ ಕಚೇರಿಗೆ ತಿಳಿಸಬಹುದು" ಅಂತ ತಡ ಮಾಡದೆ ಅವನಿಗೆ ಹೇಳಬೇಕು. ಅವನು ಕೇಳಿಕೊಂಡರೆ ತಿಳಿಸಬೇಕು. ಕಚೇರಿಯವರು ಹೋಗಿ ನೋಡಬಹುದು, ಮಾತಾಡಬಹುದು, ವಕೀಲರನ್ನು ಇಡಬಹುದು.

ಪಾಕಿಸ್ತಾನ ಗೂಢಚಾರ ಅಂತ ಹಿಡಿದಿಟ್ಟ ಕುಲಭೂಷಣ್ ಜಾಧವ್ ಕೇಸಿನಲ್ಲಿ ನಾವು ಹಿಡಿದದ್ದು ಇದೇ ವಿಧಿ. 2017ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ಮಿಲಿಟರಿ ಕೋರ್ಟು ಗಲ್ಲು ಶಿಕ್ಷೆ ಕೊಟ್ಟಿತು. ಅಲ್ಲಿಯವರೆಗೂ ನಮ್ಮ ಅಧಿಕಾರಿಗಳನ್ನು ಒಮ್ಮೆಯೂ ಹತ್ತಿರ ಬಿಟ್ಟಿರಲಿಲ್ಲ. ಮೇ ತಿಂಗಳಲ್ಲಿ ಭಾರತ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು, ಹತ್ತೇ ದಿನದಲ್ಲಿ ತಡೆ ಸಿಕ್ಕಿತು. 2019ರ ಜುಲೈ 17ಕ್ಕೆ ತೀರ್ಪು, 15 ನ್ಯಾಯಾಧೀಶರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ಪಾಕಿಸ್ತಾನ 36ನೇ ವಿಧಿ ಮುರಿದಿದೆ, ಶಿಕ್ಷೆಯನ್ನು ಮರುಪರಿಶೀಲಿಸಬೇಕು ಅಂತ ಬಂತು.

ಗಾಂಧಿ ಬಜಾರ್:
ಬಿಡುಗಡೆ ಮಾಡಿ ಅಂತ ಕೋರ್ಟು ಹೇಳಿತು ಅಂತ ಬಹಳ ಜನ ಈಗಲೂ ನಂಬಿದ್ದಾರೆ. ಹಾಗೆ ಹೇಳಲಿಲ್ಲ. ಭಾರತ ಕೇಳಿತ್ತು, ಆದರೆ ಕೋರ್ಟು ಅದನ್ನು ಒಪ್ಪಲಿಲ್ಲ. ಗಲ್ಲು ತಪ್ಪಿತು, ಮನುಷ್ಯ ಒಳಗೇ ಉಳಿದ.

ಕೋರ್ಟ್ ರಸ್ತೆ:
ಹೌದು, ಅದನ್ನು ಸೇರಿಸಿದ್ದು ಒಳ್ಳೆಯದಾಯಿತು. ಆದರೂ ಜೀವ ಉಳಿಯಿತಲ್ಲ, ಅದೇನು ಸಣ್ಣ ವಿಷಯವಾ?

ಬೆಳಗಾವಿ ಕುಂದಾ:
ನನಗೆ ಹಿಡಿಸಿದ್ದು ಕತಾರ್‌ನ ರೀತಿ ನೋಡ್ರಿ. 2023ರ ಅಕ್ಟೋಬರ್‌ನಲ್ಲಿ ನಮ್ಮ ನೌಕಾಪಡೆಯ 8 ಮಂದಿ ಮಾಜಿಗಳಿಗೆ ಅಲ್ಲಿ ಮರಣದಂಡನೆ ಆಯಿತು. ದೇಶವೇ ಕುದಿಯಿತು. ಸರ್ಕಾರ "ತೀವ್ರ ಆಘಾತ ಆಗಿದೆ" ಅಂತ ಒಂದು ಹೇಳಿಕೆ ಕೊಟ್ಟಿತು, ಅಪೀಲು ಹಾಕಿತು, ಬಾಯಿ ಮುಚ್ಚಿಕೊಂಡು ಕೆಲಸ ಮಾಡಿತು. ಡಿಸೆಂಬರ್‌ನಲ್ಲಿ ಮರಣದಂಡನೆ ಹೋಯಿತು. ಫೆಬ್ರವರಿಯಲ್ಲಿ ಬಿಡುಗಡೆಯೇ ಆಯಿತು. ಟಿವಿಯಲ್ಲಿ ಕತಾರ್ ಅರಸನನ್ನು ಬೈದಿದ್ದರೆ ಆಗುತ್ತಿತ್ತಾ?

ಶರಾವತಿ ಹಿನ್ನೀರು:
ಆ 8 ಮಂದಿಯಲ್ಲಿ ಹೆಚ್ಚಿನವರು ಅಧಿಕಾರಿಗಳಾಗಿದ್ದವರು ಸರ್. ಇಡೀ ದೇಶ ಅವರ ಬೆನ್ನಿಗಿತ್ತು. ಕಾಪುವಿನ ಈ ಹುಡುಗನಿಗಾಗಿ ಯಾವ ಪ್ರಧಾನಿ ಯಾವ ಅರಸನ ಹತ್ತಿರ ಮಾತಾಡುತ್ತಾರೆ? ಸದ್ದಿಲ್ಲದೆ ಮಾಡುತ್ತೇವೆ ಅನ್ನುವುದು ಬಡವರ ವಿಷಯದಲ್ಲಿ ಏನೂ ಮಾಡದೆ ಇರುವುದಕ್ಕೂ ಒಳ್ಳೆ ಮರೆಯಾಗುತ್ತದೆ. ಹೊರಗಿನವರಿಗೆ ಎರಡೂ ಒಂದೇ ಥರ ಕಾಣುತ್ತದೆ, ಅದೇ ಕಷ್ಟ.

ಹಾವೇರಿ ಏಲಕ್ಕಿ:
ಮೇಲಿನ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ.

ಟೊರಾಂಟೊ ತಿಂಡಿಪೋತ:
ಗಟ್ಟಿಯಾಗಿ ಹೇಳಿದರೆ ಏನಾಗುತ್ತದೆ ಅನ್ನುವುದಕ್ಕೆ ನಾನಿರುವ ದೇಶದ್ದೇ ಉದಾಹರಣೆ ಇದೆ. 2018ರ ಆಗಸ್ಟ್. ಸೌದಿಯಲ್ಲಿ ಮಹಿಳಾ ಹಕ್ಕಿನ ಹೋರಾಟಗಾರ್ತಿ ಸಮರ್ ಬದಾವಿಯನ್ನು ಬಂಧಿಸಿದ್ದರು. ಕೆನಡಾದ ವಿದೇಶಾಂಗ ಇಲಾಖೆ "ಕೂಡಲೇ ಬಿಡುಗಡೆ ಮಾಡಿ" ಅಂತ ಟ್ವೀಟ್ ಮಾಡಿತು. ರಿಯಾದ್‌ನ ಕೆನಡಾ ರಾಯಭಾರ ಕಚೇರಿ ಅದನ್ನೇ ಅರಬ್ಬಿಯಲ್ಲೂ ಹಾಕಿತು. ಅಲ್ಲಿನ ಜನ ನೇರವಾಗಿ ಓದಿದರು. ಸೌದಿಗೆ ಕೆಂಡದಂಥ ಕೋಪ. ಕೆನಡಾದ ರಾಯಭಾರಿಯನ್ನು ಹೊರಗೆ ಹಾಕಿದರು, ಹೊಸ ವ್ಯಾಪಾರ ನಿಲ್ಲಿಸಿದರು, ಕೆನಡಾದಲ್ಲಿ ಓದುತ್ತಿದ್ದ ಸಾವಿರಾರು ಸೌದಿ ವಿದ್ಯಾರ್ಥಿಗಳನ್ನು ವಾಪಸ್ ಕರೆಸಿಕೊಂಡರು. ಸಂಬಂಧ ಸರಿಹೋಗಲು 2023ರ ಮೇವರೆಗೆ ಬೇಕಾಯಿತು. ಸಮರ್ ಹೊರಗೆ ಬಂದದ್ದು 2021ರಲ್ಲಿ.

ನನಗೆ ಬೇಸರ ತಂದದ್ದು ಬೇರೆ. ಆಗ ಕೆನಡಾದ ಜೊತೆ ಗಟ್ಟಿಯಾಗಿ ನಿಂತ ದೊಡ್ಡ ದೇಶ ಒಂದೂ ಇರಲಿಲ್ಲ. ಅಮೆರಿಕ "ನೀವಿಬ್ಬರೇ ಬಗೆಹರಿಸಿಕೊಳ್ಳಿ" ಅನ್ನುವ ಧಾಟಿಯಲ್ಲಿ ಮಾತಾಡಿತು. ಹತ್ತು ದೇಶ ಅದೇ ದಿನ ಅದೇ ಮಾತು ಹೇಳಿದ್ದರೆ ಸೌದಿ ಎಷ್ಟು ರಾಯಭಾರಿಗಳನ್ನು ಓಡಿಸಬಹುದಿತ್ತು?

ಬೆಳಗಾವಿ ಕುಂದಾ:
ನಾನು ಹೇಳಿದ್ದು ಅದೇ ಅಲ್ಲೇನ್ರಿ. ಗಟ್ಟಿಯಾಗಿ ಹೇಳಿ ಏನು ಸಿಕ್ಕಿತು?

ಟೊರಾಂಟೊ ತಿಂಡಿಪೋತ:
ಕೈಗೆ ಏನೂ ಸಿಗಲಿಲ್ಲ ನಿಜ. ಆದರೆ ಒಳಗೆ ಕೂತವರಿಗೆ ಹೊರಗೆ ಯಾರೋ ನಮ್ಮ ಹೆಸರು ಹೇಳುತ್ತಿದ್ದಾರೆ ಅಂತ ಗೊತ್ತಾಗುವುದಕ್ಕೆ ಬೆಲೆ ಇಲ್ವಾ? ಜೈಲಿನಿಂದ ಬಂದ ಎಷ್ಟೋ ಹೋರಾಟಗಾರರು ಅದನ್ನೇ ಹೇಳಿದ್ದಾರೆ.

ಮಂಗಳೂರು ಬಂದರು:
ಮಾರಾಯ್ರೆ, ಕೆನಡಾ ಕೇಳಿದ್ದು ಬೇರೆ ದೇಶದ ಪ್ರಜೆಗಾಗಿ. ನಮ್ಮ ಪ್ರಶ್ನೆ ನಮ್ಮ ಕೆಲಸಗಾರರದ್ದು. ಅದಕ್ಕೆ ಫಿಲಿಪೀನ್ಸ್ ನೋಡಬೇಕು.

2018ರ ಫೆಬ್ರವರಿಯಲ್ಲಿ ಕುವೈತ್‌ನ ಒಂದು ಖಾಲಿ ಫ್ಲ್ಯಾಟಿನ ಫ್ರೀಜರ್‌ನಲ್ಲಿ ಫಿಲಿಪೀನ್ಸ್‌ನ ಮನೆಗೆಲಸದ ಹೆಣ್ಣುಮಗಳೊಬ್ಬಳ ಶವ ಸಿಕ್ಕಿತು. ಶವ ಅಲ್ಲಿ ಒಂದು ವರ್ಷಕ್ಕೂ ಮೇಲೆ ಇತ್ತು. ಅವರ ಅಧ್ಯಕ್ಷ ಡುಟೆರ್ಟೆ ಕುವೈತ್‌ಗೆ ಜನ ಕಳಿಸುವುದನ್ನೇ ನಿಲ್ಲಿಸಿದರು. ಏಪ್ರಿಲ್‌ನಲ್ಲಿ ಅವರ ರಾಯಭಾರ ಕಚೇರಿಯವರು ಮಾಲೀಕರ ಮನೆಗಳಿಂದ ಹೆಣ್ಣುಮಕ್ಕಳನ್ನು ಕಾರಿಗೆ ಹತ್ತಿಸಿಕೊಂಡು ಹೋಗುವ ವಿಡಿಯೊ ಹೊರಬಂತು. ಕುವೈತ್ ರಾಯಭಾರಿಯನ್ನು ಹೊರಗೆ ಹಾಕಿತು. ಎಲ್ಲ ಕೆಟ್ಟಿತು ಅಂದುಕೊಂಡರೆ, ಮೇ 11ಕ್ಕೆ ಎರಡೂ ದೇಶ ಒಪ್ಪಂದಕ್ಕೆ ಸಹಿ ಹಾಕಿದವು. ಪಾಸ್‌ಪೋರ್ಟು ಮಾಲೀಕ ಕಿತ್ತಿಟ್ಟುಕೊಳ್ಳುವಂತಿಲ್ಲ, ಕೆಲಸದವರ ಹತ್ತಿರ ಫೋನ್ ಇರಬೇಕು. ಮೂರು ತಿಂಗಳಲ್ಲಿ ಕಾಗದದ ಮೇಲೆ ಬಂತು. ನಾವು ಎಷ್ಟು ವರ್ಷದಿಂದ ಸದ್ದಿಲ್ಲದೆ ಕೇಳುತ್ತಿದ್ದೇವೆ?

ದಮ್ಮಾಮ್ ದಿನಗಳು:
ಕಾಗದದ ಮೇಲೆ ಬಂದದ್ದು ಎಲ್ಲ ಮನೆಯೊಳಗೆ ಬರುವುದಿಲ್ಲ ಅನ್ನುವುದನ್ನೂ ನೆನಪಿಡಬೇಕು. ಅದಾದ ಮೇಲೂ ಕುವೈತ್‌ನಲ್ಲಿ ಅವರ ಹೆಣ್ಣುಮಕ್ಕಳು ಸತ್ತಿದ್ದಾರೆ, ಫಿಲಿಪೀನ್ಸ್ ಮತ್ತೆ ನಿಷೇಧ ಹಾಕಿತ್ತು. ಆದರೆ ನಿಮ್ಮ ಮಾತಿನ ತಿರುಳು ಸರಿ. ನಮ್ಮವರು ಗಲ್ಫ್‌ನಲ್ಲಿ ಸುಮಾರು 90 ಲಕ್ಷ ಜನ ಇದ್ದಾರೆ. ಅಷ್ಟು ಜನರ ಕೆಲಸ ಹೋದರೆ ಏನು ಗತಿ ಅನ್ನುವ ಹೆದರಿಕೆ ನಮ್ಮ ಸರ್ಕಾರಕ್ಕೆ ಯಾವಾಗಲೂ ಇದೆ. ಅವರಿಗೂ ನಮ್ಮವರು ಬೇಕು ಅನ್ನುವುದನ್ನು ನಾವು ಮರೆಯುತ್ತೇವೆ. ನಮ್ಮವರು ಒಂದು ವಾರ ಕೆಲಸಕ್ಕೆ ಹೋಗದಿದ್ದರೆ ಅಲ್ಲಿನ ಆಸ್ಪತ್ರೆ, ಅಂಗಡಿ, ಕಟ್ಟಡದ ಕೆಲಸ ಎಲ್ಲಿ ನಡೆಯುತ್ತದೆ?

ಕೆಂಪು ಬಾವುಟ:
ಕತಾರ್‌ನಲ್ಲಿ ಕಫಾಲಾ, ಅಂದರೆ ಕೆಲಸಗಾರನನ್ನು ಮಾಲೀಕನಿಗೆ ಕಟ್ಟಿಹಾಕುವ ಪದ್ಧತಿ, ಸಡಿಲ ಆದದ್ದು ಹೇಗೆ ಅಂತ ಯಾರೂ ಹೇಳುತ್ತಿಲ್ಲ. 2014ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯಲ್ಲಿ ಕತಾರ್ ವಿರುದ್ಧ ದೂರು ಕೊಟ್ಟವರು ಸರ್ಕಾರಗಳಲ್ಲ, ಕಾರ್ಮಿಕರ ಪ್ರತಿನಿಧಿಗಳು. ವಿಶ್ವಕಪ್ ಹತ್ತಿರ ಬರುತ್ತಿತ್ತು, ಕತಾರ್‌ಗೆ ಮರ್ಯಾದೆ ಪ್ರಶ್ನೆ. 2017ರಲ್ಲಿ ಸುಧಾರಣೆಗೆ ಒಪ್ಪಿತು. 2020ರಲ್ಲಿ ಕೆಲಸ ಬದಲಿಸಲು ಮಾಲೀಕನ ಎನ್‌ಒಸಿ (ಒಪ್ಪಿಗೆ ಪತ್ರ) ಬೇಡ ಅಂತ ಕಾನೂನು ಬಂತು. ಮರುವರ್ಷ 1000 ರಿಯಾಲ್ ಕನಿಷ್ಠ ಕೂಲಿ ಜಾರಿಗೆ ಬಂತು. ಕೆಲಸಗಾರರನ್ನು ಕಳಿಸುವ ದೇಶಗಳ ಸರ್ಕಾರಗಳು ಆ ದೂರಿನಲ್ಲಿ ಮುಂದೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ.

ಗಾಂಧಿ ಬಜಾರ್:
ಭಾರತ ಯಾವತ್ತೂ ಹೀಗೇ. ಬೇರೆ ದೇಶದ ಅನ್ಯಾಯದ ಬಗ್ಗೆ ಬಾಯಿ ಬಿಟ್ಟದ್ದೇ ಇಲ್ಲ.

ಹಳೇ ಮೈಸೂರು ಮೇಷ್ಟ್ರು:
ಇದನ್ನು ಒಪ್ಪಲಾರೆ. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಒಂದು ದೇಶ ತನ್ನ ಗಡಿಯೊಳಗೆ ಜನರನ್ನು ಹೇಗೆ ನಡೆಸಿಕೊಳ್ಳುತ್ತದೆ ಅಂತ ಮೊಟ್ಟಮೊದಲು ಪ್ರಶ್ನೆ ಎತ್ತಿದವರಲ್ಲಿ ನಾವೇ ಮುಂದು. 1946ರಲ್ಲಿ, ಸ್ವಾತಂತ್ರ್ಯ ಬರುವ ಮೊದಲೇ.

ದಕ್ಷಿಣ ಆಫ್ರಿಕಾ ಆ ವರ್ಷ ಒಂದು ಕಾಯ್ದೆ ಮಾಡಿತು. ನಟಾಲ್‌ನಲ್ಲಿದ್ದ ಭಾರತೀಯರು ಎಲ್ಲಿ ಜಮೀನು ಕೊಳ್ಳಬಹುದು, ಎಲ್ಲಿ ಇರಬಹುದು ಅಂತ ಗೆರೆ ಎಳೆಯುವ ಕಾಯ್ದೆ. ಭಾರತ ತನ್ನ ಹೈಕಮಿಷನರ್‌ನನ್ನು ವಾಪಸ್ ಕರೆಸಿತು, ಆ ದೇಶದ ಜೊತೆ ವ್ಯಾಪಾರ ನಿಲ್ಲಿಸಿತು, ವಿಶ್ವಸಂಸ್ಥೆಗೆ ದೂರು ಕೊಟ್ಟಿತು. ನಿಯೋಗದ ಮುಖ್ಯಸ್ಥೆ ವಿಜಯಲಕ್ಷ್ಮಿ ಪಂಡಿತ್. ಎದುರಿಗೆ ಕೂತವರು ಪ್ರಧಾನಿ ಸ್ಮಟ್ಸ್. ವಿಶ್ವಸಂಸ್ಥೆಯ ಸನ್ನದಿನ ಪೀಠಿಕೆ ಬರೆಯುವುದರಲ್ಲಿ ಕೈಯಿದ್ದ ಮನುಷ್ಯ ಆತ. ಮಾನವ ಹಕ್ಕು ಅನ್ನುವ ಮಾತು ಆ ಪೀಠಿಕೆಯಲ್ಲೇ ಇದೆ. ಆತನ ವಾದ, ಇದು ನಮ್ಮ ಮನೆಯೊಳಗಿನ ವಿಷಯ, ನೀವು ಕೇಳುವಂತಿಲ್ಲ ಅಂತ. ಇವತ್ತಿಗೂ ಎಲ್ಲ ಸರ್ಕಾರಗಳು ಹೇಳುವ ಮಾತು ಅದೇ ಅಲ್ವಾ?

ನಿರ್ಣಯ ಗೆಲ್ಲಲು ಮೂರನೇ ಎರಡು ಭಾಗ ಮತ ಬೇಕು ಅಂತ ಸಭೆ ತೀರ್ಮಾನಿಸಿತು. ಡಿಸೆಂಬರ್ 8ಕ್ಕೆ ಮತ ಎಣಿಸಿದರು. ಪರ 32, ವಿರೋಧ 15, ತಟಸ್ಥ 7. 47ರಲ್ಲಿ ಮೂರನೇ ಎರಡು ಭಾಗಕ್ಕೆ 32 ಬೇಕು. ಸರಿಯಾಗಿ 32 ಬಂದಿತ್ತು. ಒಂದು ಮತ ಆ ಕಡೆ ವಾಲಿದ್ದರೆ ಬಿದ್ದುಹೋಗುತ್ತಿತ್ತು. ಆಗ ನಮ್ಮನ್ನು ಆಳುತ್ತಿದ್ದ ಬ್ರಿಟನ್ ಕೂಡ ವಿರುದ್ಧ ಮತ ಹಾಕಿತ್ತು.

ಶರಾವತಿ ಹಿನ್ನೀರು:
ಅಬ್ಬಾ, ಈ 32ರ ವಿಷಯ ಗೊತ್ತೇ ಇರಲಿಲ್ಲ. ಧನ್ಯವಾದ ಮೇಷ್ಟ್ರೇ.

ಬೆಳಗಾವಿ ಕುಂದಾ:
ನಿರ್ಣಯ ಆದ ಮೇಲೆ ದಕ್ಷಿಣ ಆಫ್ರಿಕಾ ಬದಲಾಯಿತೇನ್ರಿ? 1948ರಲ್ಲಿ ವರ್ಣಭೇದದ ಪಾರ್ಟಿಯೇ ಅಧಿಕಾರಕ್ಕೆ ಬಂತಲ್ಲ. ಇನ್ನೂ ಕೆಟ್ಟಿತು.

ಹಳೇ ಮೈಸೂರು ಮೇಷ್ಟ್ರು:
ಕೆಟ್ಟಿತು, ನಿಜ. ಆದರೆ ಭಾರತ ಬಿಡಲಿಲ್ಲ. ವರ್ಷ ವರ್ಷ ಎತ್ತಿತು. ಆಫ್ರಿಕಾದ ದೇಶಗಳು ಒಂದೊಂದಾಗಿ ಸ್ವತಂತ್ರ ಆಗಿ ಆ ಸಭೆಗೆ ಬಂದ ಹಾಗೆ 32 ದೊಡ್ಡದಾಗುತ್ತಾ ಹೋಯಿತು. 1977ರಲ್ಲಿ ಭದ್ರತಾ ಮಂಡಳಿಯೇ ಶಸ್ತ್ರಾಸ್ತ್ರ ಮಾರಬೇಡಿ ಅಂತ ಎಲ್ಲ ದೇಶಗಳಿಗೂ ಕಡ್ಡಾಯ ಮಾಡಿತು. 1994ರಲ್ಲಿ ಎಲ್ಲರೂ ವೋಟು ಹಾಕಿದ ಚುನಾವಣೆ. ಹೋರಾಡಿದವರು, ಸತ್ತವರು ಅಲ್ಲಿನ ಜನ, ಗೆಲುವು ಅವರದ್ದೇ. ನಾವು ಮಾಡಿದ್ದು ಇಷ್ಟು: ಮನೆಯೊಳಗಿನ ವಿಷಯ ಅನ್ನುವ ಬಾಗಿಲನ್ನು ಮುಚ್ಚಲು ಬಿಡಲಿಲ್ಲ.

ಟೆನಿಸ್ ಹುಚ್ಚ:
ಸ್ವಲ್ಪ ವಿಷಯ ಬಿಟ್ಟು ಹೋಗುತ್ತಿದ್ದೇನೆ. 1974ರ ಡೇವಿಸ್ ಕಪ್ ಫೈನಲ್‌ಗೆ ನಾವು ಬಂದಿದ್ದೆವು, ಎದುರಾಳಿ ದಕ್ಷಿಣ ಆಫ್ರಿಕಾ. ವರ್ಣಭೇದವನ್ನು ವಿರೋಧಿಸಿ ನಾವು ಆಡಲಿಲ್ಲ. ಕಪ್ ಅವರಿಗೆ ಹೋಯಿತು. ಇವತ್ತಿನವರೆಗೂ ನಾವು ಡೇವಿಸ್ ಕಪ್ ಗೆದ್ದಿಲ್ಲ. ಆ ಆಟಗಾರರು ಕಳೆದುಕೊಂಡದ್ದನ್ನೂ ಈ ಲೆಕ್ಕದಲ್ಲಿ ಬರೆಯಬೇಕು.

ಹಾವೇರಿ ಏಲಕ್ಕಿ:
ನಿರ್ಬಂಧ ಮುಗಿದ ಮೇಲೆ ಅವರು ಕ್ರಿಕೆಟ್ ಆಡಲು ಮೊದಲು ಬಂದದ್ದೂ ನಮ್ಮಲ್ಲಿಗೇ, 1991ರ ನವೆಂಬರ್, ಈಡನ್ ಗಾರ್ಡನ್ಸ್. ನಮ್ಮಪ್ಪ ರೇಡಿಯೊ ಬಿಟ್ಟು ಏಳಲಿಲ್ಲವಂತೆ.

ಕಾವೇರಿ ಕೊಳ್ಳ:
1946ರ ಹೆಮ್ಮೆ ಇರಲಿ, ಈಚಿನದನ್ನೂ ನೋಡಿ. ಶ್ರೀಲಂಕಾ ಯುದ್ಧದ ಕೊನೆಯಲ್ಲಿ ಸತ್ತ ತಮಿಳರ ವಿಷಯ ಜಿನೀವಾದ ಮಾನವ ಹಕ್ಕುಗಳ ಮಂಡಳಿಗೆ ಬಂದಾಗ 2012, 2013ರಲ್ಲಿ ಭಾರತ ನಿರ್ಣಯದ ಪರ ಮತ ಹಾಕಿತು. 2014ರಲ್ಲಿ ದೂರ ಉಳಿಯಿತು. 2021, 2022ರಲ್ಲೂ ದೂರ. ಚೀನಾದ ಶಿನ್‌ಜಿಯಾಂಗ್‌ನಲ್ಲಿ ಉಯಿಘರ್ ಮುಸ್ಲಿಮರನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ ಚರ್ಚೆ ಮಾಡೋಣವೇ ಅಂತ 2022ರ ಅಕ್ಟೋಬರ್‌ನಲ್ಲಿ ಮತಕ್ಕೆ ಹಾಕಿದರು. ಚರ್ಚೆ ಮಾಡೋಣ ಅಂದವರು 17, ಬೇಡ ಅಂದವರು 19, ಸುಮ್ನೆ ಕೂತವರು 11. ನಾವು ಆ 11ರಲ್ಲಿ. ಇದು ನನಗೆ ನೋವು ತರುತ್ತದೆ. ಬರೀ ಚರ್ಚೆ ಮಾಡುವುದಕ್ಕೂ ಕೈ ಎತ್ತಲಿಲ್ಲ.

ಕೋರ್ಟ್ ರಸ್ತೆ:
ಪಕ್ಕದ ಮನೆಯವರ ಜೊತೆ ದಿನಾ ಬದುಕಬೇಕು ಅನ್ನುವುದನ್ನೂ ನೋಡಬೇಕು. ಲಂಕಾ ಸರ್ಕಾರವನ್ನು ತೀರಾ ದೂರ ತಳ್ಳಿದರೆ ಅಲ್ಲಿನ ತಮಿಳರ ಪರವಾಗಿ ಕೊಲಂಬೊದಲ್ಲಿ ಮಾತಾಡುವುದಕ್ಕೂ ದಾರಿ ಇರುವುದಿಲ್ಲ. ಪ್ರಾಂತ್ಯಗಳಿಗೆ ಅಧಿಕಾರ ಕೊಡುವ ಲಂಕಾ ಸಂವಿಧಾನದ 13ನೇ ತಿದ್ದುಪಡಿ ಜಾರಿ ಮಾಡಿ ಅಂತ ಭಾರತ ಮತ್ತೆ ಮತ್ತೆ ಹೇಳುತ್ತಾ ಬಂದಿದೆ.

ಕಾವೇರಿ ಕೊಳ್ಳ:
ಆ ತಿದ್ದುಪಡಿ 1987ರದ್ದು ಸರ್. ಇಷ್ಟು ವರ್ಷ ಹೇಳಿ ಪೂರ್ತಿ ಜಾರಿ ಆಗಿಲ್ಲ ಅಂದರೆ ಮಾತಿನ ಜೊತೆ ಇನ್ನೇನಾದರೂ ಬೇಕು ಅಂತ ಅರ್ಥ ಅಲ್ವಾ?

ಗಾಂಧಿ ಬಜಾರ್:
ಸರಿ, ನಾವು ಬೇರೆಯವರನ್ನು ಕೇಳುವುದಾದರೆ ಬೇರೆಯವರು ನಮ್ಮನ್ನು ಕೇಳಿದಾಗ ಕೋಪ ಯಾಕೆ? ಜಿನೀವಾದಲ್ಲಿ ಪ್ರತಿ ನಾಲ್ಕೂವರೆ ವರ್ಷಕ್ಕೊಮ್ಮೆ ಎಲ್ಲ ದೇಶಗಳದ್ದೂ ಸರದಿ ಬರುತ್ತದೆ. ಉಳಿದ ದೇಶಗಳು ಒಂದೊಂದೇ ಎದ್ದು ಪ್ರಶ್ನೆ ಕೇಳುತ್ತವೆ, ಸಲಹೆ ಕೊಡುತ್ತವೆ. ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿದೆ, ಆದರೆ ಅನುಮೋದಿಸಿಲ್ಲ. ಪ್ರತಿ ಸರದಿಯಲ್ಲೂ ನಮಗೆ ಈ ಪ್ರಶ್ನೆ ಬರುತ್ತದೆ. ನಮ್ಮ ಠಾಣೆಯಲ್ಲಿ ಹೊಡೆತ ತಿಂದವನ ಬಗ್ಗೆ ಇನ್ನೊಬ್ಬರು ಕೇಳಿದರೆ ಅದು ಅವಮಾನ ಅಂತ ನನಗೆ ಅನಿಸುವುದಿಲ್ಲ. ಕಾಪುವಿನ ಹುಡುಗನಿಗೆ ನಾವು ಏನು ಬಯಸುತ್ತೇವೋ ಅದೇ ಅದು.

ಮಂಗಳೂರು ಬಂದರು:
ಇದಕ್ಕೆ ನಾನೂ ಸೇರುತ್ತೇನೆ. ಆದರೆ ಕೇಳುವ ದೇಶ ತನ್ನ ಸ್ನೇಹಿತರನ್ನೂ ಅದೇ ಥರ ಕೇಳಬೇಕು. ಬೇಕಾದವರನ್ನು ಬಿಟ್ಟು ಬೇಡದವರನ್ನು ಮಾತ್ರ ಕೇಳಿದರೆ ಯಾರು ಮರ್ಯಾದೆ ಕೊಡುತ್ತಾರೆ?

ಟೊರಾಂಟೊ ತಿಂಡಿಪೋತ:
ಅದಕ್ಕೇ ನನಗೆ ಗ್ಯಾಂಬಿಯಾ ಇಷ್ಟ. ಆಫ್ರಿಕಾದ ಪುಟ್ಟ ದೇಶ, ಮ್ಯಾನ್ಮಾರ್ ಜೊತೆ ಗಡಿಯೂ ಇಲ್ಲ, ಲಾಭವೂ ಇಲ್ಲ. ಅವರ ನ್ಯಾಯ ಸಚಿವ ಅಬುಬಕರ್ ತಂಬಾಡು ರುವಾಂಡಾ ನರಮೇಧದ ವಿಚಾರಣೆಯ ನ್ಯಾಯಮಂಡಳಿಯಲ್ಲಿ ಕೆಲಸ ಮಾಡಿದ್ದವರು. ಬಾಂಗ್ಲಾದೇಶದಲ್ಲಿ, ಮ್ಯಾನ್ಮಾರ್‌ನಿಂದ ಓಡಿಬಂದ ರೋಹಿಂಗ್ಯಾ ಮುಸ್ಲಿಮರ ಶಿಬಿರಕ್ಕೆ ಹೋಗಿ ಅವರ ಕಥೆ ಕೇಳಿದರು. 2019ರ ನವೆಂಬರ್‌ನಲ್ಲಿ 1948ರ ನರಮೇಧ ಒಪ್ಪಂದದ ಅಡಿ ಮ್ಯಾನ್ಮಾರ್ ಮೇಲೆ ಹೇಗ್‌ನಲ್ಲಿ ಕೇಸು ಹಾಕಿಸಿದರು. ಆಂಗ್ ಸಾನ್ ಸೂ ಕಿ ಸ್ವತಃ ಹೋಗಿ ವಾದಿಸಬೇಕಾಯಿತು. 2020ರ ಜನವರಿಯಲ್ಲಿ ರೋಹಿಂಗ್ಯಾಗಳನ್ನು ಕಾಪಾಡಿ, ಸಾಕ್ಷ್ಯ ಅಳಿಸಬೇಡಿ ಅಂತ ಕೋರ್ಟು ಆದೇಶ ಕೊಟ್ಟಿತು. ಆ ಕೇಸು ಹಾಕಲು ದೊಡ್ಡ ದೇಶವೇ ಆಗಬೇಕು ಅಂತ ಇರಲಿಲ್ಲ ನೋಡಿ.

ಕಾಪು ಕಡಲು:
ಎಲ್ಲರದ್ದೂ ಓದಿದೆ. ಹುಡುಗನ ಅಮ್ಮನಿಗೂ ಸ್ವಲ್ಪ ಓದಿ ಹೇಳಿದೆ. ಟಿವಿಯವರನ್ನು ಈಗಲೇ ಕರೆಯುವುದು ಬೇಡ ಅಂತ ತೀರ್ಮಾನ ಆಗಿದೆ. ಸಂಸದರ ಕಚೇರಿಗೆ ನಾಳೆ ಹೋಗುತ್ತೇವೆ. ಜೊತೆಗೆ ಏನೇನು ತೆಗೆದುಕೊಂಡು ಹೋಗಬೇಕು?

ದಮ್ಮಾಮ್ ದಿನಗಳು:
ಪಾಸ್‌ಪೋರ್ಟ್ ಜೆರಾಕ್ಸ್, ವೀಸಾ ಕಾಗದ, ಸಿಕ್ಕಿದರೆ ಕೆಲಸದ ಒಪ್ಪಂದ, ಸಂಬಳ ಬಂದದ್ದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್, ಮಾಲೀಕನ ಜೊತೆಗಿನ ವಾಟ್ಸಾಪ್ ಮೆಸೇಜುಗಳ ಪ್ರಿಂಟ್. ನಮ್ಮ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಿಲ್ಲ ಅಂದರೆ ಇವತ್ತೇ ಹಾಕಿ, ನಂಬರ್ ಬರೆದಿಟ್ಟುಕೊಳ್ಳಿ. ಸಂಸದರ ಪತ್ರದಲ್ಲಿ ಆ ನಂಬರ್ ಇರಲೇಬೇಕು. ಇಲ್ಲದಿದ್ದರೆ ದೆಹಲಿಯಲ್ಲಿ ಎರಡು ಬೇರೆ ಫೈಲು ಆಗುತ್ತದೆ. ಪತ್ರದಲ್ಲಿ "ಸಹಾಯ ಮಾಡಿ" ಅಂತ ಮಾತ್ರ ಬರೆಸಬೇಡಿ. ಹುಡುಗನನ್ನು ಯಾವ ತಾರೀಖು ಯಾರು ಭೇಟಿ ಮಾಡಿದರು, ಔಟ್‌ಪಾಸ್ ಎಲ್ಲಿಗೆ ಬಂತು, ಬಾಕಿ ಸಂಬಳದ ಕೇಸು ಹಾಕಿದ್ದಾರಾ, ಈ ಮೂರನ್ನು ಕೇಳಿಸಿ. ವಕೀಲರ ಖರ್ಚು, ಟಿಕೆಟ್ ಖರ್ಚಿಗೆ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಕೊಡಿ ಅಂತಲೂ ಬರೆಸಿ, ಎಲ್ಲ ರಾಯಭಾರ ಕಚೇರಿಗಳಲ್ಲೂ ಆ ನಿಧಿ ಇರುತ್ತದೆ.

ಶರಾವತಿ ಹಿನ್ನೀರು:
ಬಾಕಿ ಸಂಬಳ ಬಿಟ್ಟುಕೊಟ್ಟರೆ ಬೇಗ ಕಳಿಸುತ್ತೇವೆ ಅಂತ ಮಾಲೀಕ ಕಾಗದಕ್ಕೆ ಸಹಿ ಕೇಳಬಹುದು. ಅರಬ್ಬಿ ಓದಲು ಬರುವವರು ಪಕ್ಕದಲ್ಲಿ ಇಲ್ಲದೆ ಹುಡುಗ ಸಹಿ ಹಾಕುವುದು ಬೇಡ ಅಂತ ಹೇಗಾದರೂ ಅವನಿಗೆ ತಿಳಿಸಿ.

ಕಾಪು ಕಡಲು:
ಆಯಿತು. ಮದದ್ ದೂರು ಈಗ ಹಾಕಿದೆ, ನಂಬರ್ ಬಂದಿದೆ. ಸಂಸದರ ಕಚೇರಿಯಿಂದ ಬಂದ ಮೇಲೆ ಬರೆಯುತ್ತೇನೆ.